ಖಾಲಿ ಕಾಲಂ ಅಂದರೆ ‘ಇಲ್ಲ’ ಅಂತಲ್ಲ: ಎಂಟ್ರಾ ಐಡಿಯಿಂದ ಬಳಕೆದಾರರ ಪಟ್ಟಿ ತೆಗೆಯುವಾಗ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಒಂದು ಮಧ್ಯಮ ಗಾತ್ರದ ಕಾರ್ಖಾನೆ. ಎಚ್‌ಆರ್ ಲೆಕ್ಕದಲ್ಲಿ 410 ನೌಕರರು. ಮೇಲ್, ಟೀಮ್ಸ್ ಎಲ್ಲ ಮೈಕ್ರೋಸಾಫ್ಟ್ 365ರಲ್ಲಿದೆ. ಎಲ್ಲ ಬಳಕೆದಾರರ ಪಟ್ಟಿ, ಯಾರ ಖಾತೆ ಚಾಲ್ತಿಯಲ್ಲಿದೆ, ಕೊನೆಯ ಲಾಗಿನ್ ಯಾವಾಗ ಎಂದು ಆಡಿಟರ್ ಕೇಳಿದ್ದಾರೆ. ಹಳೆಯ ಸ್ಕ್ರಿಪ್ಟ್ ಓಡುತ್ತಿಲ್ಲ. ಹೊಸ ಗೆಟ್-ಎಂಜಿಯೂಸರ್ ಕಮಾಂಡ್ ಹಾಕಿದರೆ ಬರೀ 100 ಹೆಸರು ಬಂತು. ಲೈಸೆನ್ಸ್ ಕಡಿಮೆ ದರ್ಜೆಯದು, ಅದಕ್ಕೇ ಹೀಗೆ ಎಂದರು ಒಬ್ಬರು. ಹೇಗೋ ಪೂರ್ತಿ ತೆಗೆದರೆ 655 ಬಂತು. ಎಚ್‌ಆರ್ ಲೆಕ್ಕಕ್ಕೂ ಇದಕ್ಕೂ ತಾಳೆಯೇ ಇಲ್ಲ. ‘ಅಕೌಂಟ್ ಎನೇಬಲ್ಡ್’ ಕಾಲಂ ಪೂರ್ತಿ ಖಾಲಿ, ಕೊನೆಯ ಲಾಗಿನ್ ಕೂಡ ಖಾಲಿ. ಕನ್ನಡದಲ್ಲಿರುವ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿವೆ. ಸ್ಕ್ರಿಪ್ಟ್‌ಗೆ ಗ್ಲೋಬಲ್ ಅಡ್ಮಿನ್ (ಎಲ್ಲಕ್ಕಿಂತ ಹೆಚ್ಚಿನ ಅಧಿಕಾರ) ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಸಹೋದ್ಯೋಗಿ. 90 ದಿನದಿಂದ ಲಾಗಿನ್ ಆಗದವರನ್ನು ಅಳಿಸಿ ಲೈಸೆನ್ಸ್ ಉಳಿಸಿ ಎನ್ನುತ್ತಾರೆ ಮ್ಯಾನೇಜರ್. ಅಳಿಸಬಹುದೇ?

ಉತ್ತರ: ಇವತ್ತೇ ಏನನ್ನೂ ಅಳಿಸಬೇಡಿ. ನಿಮ್ಮ ಕೈಯಲ್ಲಿರುವ ಪಟ್ಟಿ ತಪ್ಪಲ್ಲ, ಅರೆಬರೆ. ಅರೆಬರೆ ಪಟ್ಟಿಯ ಮೇಲೆ ‘90 ದಿನ’ದ ಸೋಸುವಿಕೆ ನಡೆಸಿದರೆ ಕಂಪನಿಯ 655 ಖಾತೆಗಳೂ ಅಳಿಸುವವರ ಸಾಲಿಗೆ ಬಂದು ನಿಲ್ಲಬಹುದು. ಅದು ಹೇಗೆ ಎಂಬುದನ್ನು ಕೆಳಗೆ ಹೇಳುತ್ತೇನೆ. ಕಮಾಂಡುಗಳ ಹೆಸರನ್ನು ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಮೊದಲು ಹಳೆಯ ಸ್ಕ್ರಿಪ್ಟಿನ ವಿಷಯ ಮುಗಿಸೋಣ. ಮೈಕ್ರೋಸಾಫ್ಟ್ 365ರ ಬಳಕೆದಾರ ಖಾತೆಗಳೆಲ್ಲ ಇರುವ ಡೈರೆಕ್ಟರಿಗಿದ್ದ ಅಜೂರ್ ಎಡಿ ಎಂಬ ಹೆಸರು 2023ರಲ್ಲಿ ಮೈಕ್ರೋಸಾಫ್ಟ್ ಎಂಟ್ರಾ ಐಡಿ ಆಯಿತು. ಗೆಟ್-ಎಂಎಸ್‌ಒಎಲ್‌ಯೂಸರ್ ಇದ್ದ ಎಂಎಸ್‌ಒನ್‌ಲೈನ್ ಮಾಡ್ಯೂಲನ್ನು (ಕಮಾಂಡುಗಳ ಕಟ್ಟು) 2024ರ ಮಾರ್ಚ್ 30ರಂದು ‘ಇನ್ನು ಬಳಸಬೇಡಿ’ ಪಟ್ಟಿಗೆ ಸೇರಿಸಿ, 2025ರಲ್ಲಿ ನಿಲ್ಲಿಸಿಬಿಟ್ಟರು. ಅದನ್ನು ರಿಪೇರಿ ಮಾಡುವ ಪ್ರಯತ್ನ ವ್ಯರ್ಥ. ಈಗ ದಾರಿ ಮೈಕ್ರೋಸಾಫ್ಟ್ ಗ್ರಾಫ್ ಪವರ್‌ಶೆಲ್: ಗ್ರಾಫ್ ಎಂಬುದು ಮೈಕ್ರೋಸಾಫ್ಟ್ ಸರ್ವರಿನಿಂದ ಮಾಹಿತಿ ತರುವ ದಾರಿ, ಪವರ್‌ಶೆಲ್ ಕಮಾಂಡು ಓಡಿಸುವ ಸಾಧನ. ಅದರ ಇಡೀ ಕಟ್ಟನ್ನು ಇಳಿಸಿಕೊಂಡರೆ ಹತ್ತಾರು ಉಪಮಾಡ್ಯೂಲುಗಳು ಬರುತ್ತವೆ. ಬಳಕೆದಾರರ ಪಟ್ಟಿ ತೆಗೆಯಲು ಮೈಕ್ರೋಸಾಫ್ಟ್.ಗ್ರಾಫ್.ಯೂಸರ್ಸ್ ಒಂದನ್ನು ಹಾಕಿದರೆ ಸಾಕು, ಅಥೆಂಟಿಕೇಶನ್ ಮಾಡ್ಯೂಲು ತಾನಾಗಿ ಜೊತೆಗೆ ಬರುತ್ತದೆ. ಎರಡರ ಆವೃತ್ತಿ ಸಂಖ್ಯೆಯೂ ಒಂದೇ ಇರಬೇಕು. ಒಂದು ಹಳತು ಒಂದು ಹೊಸತು ಆದರೆ ‘ಅಸೆಂಬ್ಲಿ ಆಗಲೇ ಲೋಡ್ ಆಗಿದೆ’ ಎಂಬ ಅರ್ಥವಾಗದ ಎರರ್ ಬರುತ್ತದೆ.

ಹಳತಕ್ಕೂ ಹೊಸತಕ್ಕೂ ಹೆಸರಿಗಿಂತ ದೊಡ್ಡ ವ್ಯತ್ಯಾಸ ಸ್ವಭಾವದಲ್ಲಿದೆ. ಹಳೆಯ ಕಮಾಂಡ್ ಖಾತೆಯ ಬಗ್ಗೆ ಗೊತ್ತಿದ್ದದ್ದನ್ನು ಬಹುಪಾಲು ಕೇಳದೆಯೇ ತಂದು ಸುರಿಯುತ್ತಿತ್ತು. ಹೊಸದು ಹಾಗಲ್ಲ. ಕೇಳಿದ್ದನ್ನಷ್ಟೇ ಕೊಡುತ್ತದೆ; ಕೇಳದಿದ್ದರೆ ಹೆಸರು, ಇಮೇಲ್, ಹುದ್ದೆ, ಫೋನ್, ಕಚೇರಿ, ಯೂಸರ್ ಪ್ರಿನ್ಸಿಪಲ್ ನೇಮ್ (ಲಾಗಿನ್ ಹೆಸರು), ಐಡಿ ಇಂಥ ಹನ್ನೊಂದು ಗುಣಗಳನ್ನು ಮಾತ್ರ. ‘ಅಕೌಂಟ್ ಎನೇಬಲ್ಡ್’ ಆ ಹನ್ನೊಂದರಲ್ಲಿ ಇಲ್ಲ. ಆದರೆ ಪವರ್‌ಶೆಲ್ ಪರದೆಯ ಮೇಲೆ ಆ ಕಾಲಂ ಇರುತ್ತದೆ, ಖಾಲಿಯಾಗಿ. ಸರ್ವರ್ ಕೊಡದ ಗುಣಕ್ಕೂ ಅದು ಜಾಗ ಬಿಟ್ಟಿರುತ್ತದೆ. ನಿಮ್ಮ ತಲೆನೋವಿನ ಮುಕ್ಕಾಲು ಪಾಲು ಇಲ್ಲೇ ಇದೆ.

ನೂರೇ ಹೆಸರು ಬಂದದ್ದಕ್ಕೂ ಲೈಸೆನ್ಸಿಗೂ ಸಂಬಂಧವಿಲ್ಲ. ಗ್ರಾಫ್ ಉತ್ತರವನ್ನು ಪುಟಪುಟವಾಗಿ ಕೊಡುತ್ತದೆ. ಪುಟಕ್ಕೆ 100 ಖಾತೆ, ಕೊನೆಯಲ್ಲಿ ‘ಮುಂದಿನ ಪುಟ ಇಲ್ಲಿದೆ’ ಎಂಬ ಕೊಂಡಿ. ‘-ಆಲ್’ ಎಂದು ಸೇರಿಸಿದರೆ ಕಮಾಂಡ್ ತಾನೇ ಕೊಂಡಿ ಹಿಡಿದು ಕೊನೆಯ ಪುಟದವರೆಗೆ ಹೋಗುತ್ತದೆ. ಕೆಲವರು ‘-ಟಾಪ್ 999’ ಹಾಕಿ ಎನ್ನುತ್ತಾರೆ. 655 ಖಾತೆಗೆ ಅದು ಕೆಲಸ ಮಾಡುತ್ತದೆ ನಿಜ, ಆದರೆ ಸಾವಿರ ದಾಟಿದ ದಿನ ಯಾವ ಎರರೂ ಇಲ್ಲದೆ ಉಳಿದವರನ್ನು ಕೈಬಿಡುತ್ತದೆ. ಸದ್ದಿಲ್ಲದೆ ಕೈಬಿಡುವ ಸ್ಕ್ರಿಪ್ಟಿಗಿಂತ ಎರರ್ ಕೊಟ್ಟು ನಿಲ್ಲುವ ಸ್ಕ್ರಿಪ್ಟ್ ಎಷ್ಟೋ ವಾಸಿ.

ಈಗ ಅಪಾಯದ ಭಾಗ. ‘ಅಕೌಂಟ್ ಎನೇಬಲ್ಡ್’ ಕೇಳದೆ ಪಟ್ಟಿ ತೆಗೆದಿದ್ದೀರಿ ಎಂದುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ವೇರ್-ಆಬ್ಜೆಕ್ಟ್ ಬಳಸಿ ‘ಎನೇಬಲ್ಡ್ ಎಂಬುದು ಫಾಲ್ಸ್‌ಗೆ ಸಮ’ ಎಂದು ಸೋಸಿದರೆ ಒಂದೂ ಬರುವುದಿಲ್ಲ, ಯಾಕೆಂದರೆ ಪವರ್‌ಶೆಲ್ಲಿನಲ್ಲಿ ನಲ್ (ಖಾಲಿ ಮೌಲ್ಯ) ಎಂಬುದು ಫಾಲ್ಸ್‌ಗೆ ಸಮವಲ್ಲ. ಅದನ್ನೇ ‘ಟ್ರೂ ಅಲ್ಲದ್ದು’ ಎಂದು ತಿರುವಿ ಬರೆದರೆ 655ಕ್ಕೆ 655ನ್ನೂ ನಿಷ್ಕ್ರಿಯ ಎಂದು ತೋರಿಸುತ್ತದೆ. ಪ್ರಶ್ನೆ ಒಂದೇ, ಬರೆದ ರೀತಿ ಬೇರೆ, ಉತ್ತರ ಸೊನ್ನೆ ಇಲ್ಲವೇ ಎಲ್ಲ. ದಿನಾಂಕದ್ದು ಇನ್ನೂ ಕೆಟ್ಟದ್ದು. ‘ಕೊನೆಯ ಲಾಗಿನ್ 90 ದಿನಕ್ಕಿಂತ ಹಿಂದಿನದೇ’ ಎಂದು ಕೇಳಿದಾಗ ನಲ್ ಇದ್ದರೆ ಪವರ್‌ಶೆಲ್ ‘ಹೌದು’ ಎನ್ನುತ್ತದೆ. ಅದರ ಲೆಕ್ಕದಲ್ಲಿ ಖಾಲಿ ಎಂಬುದು ಯಾವ ದಿನಾಂಕಕ್ಕಿಂತಲೂ ಚಿಕ್ಕದು. ಸೈನ್-ಇನ್ ಮಾಹಿತಿ ಕೇಳಲು ಮರೆತ ಪಟ್ಟಿಯನ್ನು ಈ ಸೋಸುವಿಕೆಗೆ ಹಾಕಿ, ಅದರ ಬಾಲಕ್ಕೆ ಖಾತೆ ಅಳಿಸುವ ರಿಮೂವ್-ಎಂಜಿಯೂಸರ್ ಕಟ್ಟಿದರೆ ಮಾಲೀಕರಿಂದ ಹಿಡಿದು ಎಲ್ಲರ ಖಾತೆಯೂ ಅಳಿಸುವ ಸಾಲಿನಲ್ಲಿರುತ್ತದೆ. ಪಟ್ಟಿ ತೆಗೆಯುವ ಸ್ಕ್ರಿಪ್ಟೇ ಬೇರೆ, ಬದಲಾಯಿಸುವ ಸ್ಕ್ರಿಪ್ಟೇ ಬೇರೆ ಇರಬೇಕು. ಎರಡನ್ನೂ ಒಂದೇ ಪೈಪಿನಲ್ಲಿ ಪೋಣಿಸುವುದು ಜಾಣತನವಲ್ಲ.

ಸರಿಯಾದ ವಿಧಾನ ಹೀಗೆ. ಮೊದಲು ಕನೆಕ್ಟ್-ಎಂಜಿಗ್ರಾಫ್, ಅದರ ಸ್ಕೋಪ್‌ನಲ್ಲಿ (ಕೇಳುವ ಅನುಮತಿಗಳ ಸಾಲು) ಯೂಸರ್.ರೀಡ್.ಆಲ್ ಮತ್ತು ಆಡಿಟ್‌ಲಾಗ್.ರೀಡ್.ಆಲ್ ಎಂಬ ಎರಡೇ ಅನುಮತಿ. ಆಮೇಲೆ ಗೆಟ್-ಎಂಜಿಯೂಸರ್ -ಆಲ್, ಅದರ ಮುಂದೆ ‘-ಪ್ರಾಪರ್ಟಿ’ ಎಂದು ಬರೆದು ಬೇಕಾದ ಪ್ರತಿಯೊಂದನ್ನೂ ಹೆಸರಿಸಿ: ಐಡಿ, ಡಿಸ್‌ಪ್ಲೇನೇಮ್, ಯೂಸರ್‌ಪ್ರಿನ್ಸಿಪಲ್‌ನೇಮ್, ಎಂಪ್ಲಾಯಿಐಡಿ, ಅಕೌಂಟ್‌ಎನೇಬಲ್ಡ್, ಯೂಸರ್‌ಟೈಪ್, ಕ್ರಿಯೇಟೆಡ್‌ಡೇಟ್‌ಟೈಮ್, ಆನ್‌ಪ್ರಿಮಿಸಸ್‌ಸಿಂಕ್‌ಎನೇಬಲ್ಡ್, ಅಸೈನ್ಡ್‌ಲೈಸೆನ್ಸಸ್, ಸೈನ್‌ಇನ್‌ಆಕ್ಟಿವಿಟಿ. ಅದೇ ಹೆಸರುಗಳನ್ನು ಸೆಲೆಕ್ಟ್-ಆಬ್ಜೆಕ್ಟ್‌ನಲ್ಲೂ ಮತ್ತೆ ಬರೆಯಬೇಕು. ‘-ಪ್ರಾಪರ್ಟಿ’ ಸರ್ವರಿನಿಂದ ತರಿಸಲು, ಸೆಲೆಕ್ಟ್ ತಂದದ್ದನ್ನು ಕಾಲಂ ಮಾಡಿ ಜೋಡಿಸಲು. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಬಿಡುವುದು ತೀರಾ ಸಾಮಾನ್ಯ ತಪ್ಪು.

ಚಾಲ್ತಿಯಲ್ಲಿಲ್ಲದವರನ್ನು ಮಾತ್ರ ಬೇಕೆಂದರೆ ಸೋಸುವ ಕೆಲಸವನ್ನು ಸರ್ವರಿಗೇ ಬಿಡಿ. ‘-ಫಿಲ್ಟರ್’ನಲ್ಲಿ ‘ಅಕೌಂಟ್‌ಎನೇಬಲ್ಡ್ ಈಕ್ಯೂ ಫಾಲ್ಸ್’ (ಈಕ್ಯೂ ಎಂದರೆ ಸಮ) ಎಂದು ಬರೆದರೆ ಆ ಕಾಲಂ ಕೇಳಿರಲಿ ಬಿಡಲಿ, ಉತ್ತರ ಸರಿಯಾಗಿ ಬರುತ್ತದೆ, ಸೋಸುವಿಕೆ ನಡೆಯುವುದು ಮೈಕ್ರೋಸಾಫ್ಟ್ ಕಡೆಯಲ್ಲಿ. ಲೈಸೆನ್ಸ್ ಇರುವವರನ್ನು ಸೋಸುವುದು ಮಾತ್ರ ಸ್ವಲ್ಪ ನಾಜೂಕು. ಅಲ್ಲಿ ‘ಅಸೈನ್ಡ್‌ಲೈಸೆನ್ಸಸ್/$ಕೌಂಟ್ ಎನ್‌ಇ 0’ (ಎನ್‌ಇ ಎಂದರೆ ಸಮವಲ್ಲ) ಎಂದು ಬರೆಯಬೇಕು, ಜೊತೆಗೆ ಕನ್ಸಿಸ್ಟೆನ್ಸಿಲೆವೆಲ್ ಇವೆಂಚುಯಲ್ ಮತ್ತು ಕೌಂಟ್‌ವೇರಿಯಬಲ್ ಎರಡನ್ನೂ ಕೊಡಬೇಕು. ಫಿಲ್ಟರನ್ನು ಒಂಟಿ ಉದ್ಧರಣ ಚಿಹ್ನೆಯಲ್ಲಿಡಿ. ಜೋಡಿ ಚಿಹ್ನೆಯಲ್ಲಿಟ್ಟರೆ ಪವರ್‌ಶೆಲ್ ಆ ಡಾಲರ್ ಗುರುತಿನ ಪದವನ್ನು ತನ್ನ ವೇರಿಯಬಲ್ ಎಂದುಕೊಂಡು ನುಂಗಿಹಾಕುತ್ತದೆ. ಎರರ್ ಓದಿದರೆ ಫಿಲ್ಟರಿನ ವ್ಯಾಕರಣ ತಪ್ಪು ಎನ್ನುತ್ತದೆಯೇ ಹೊರತು ಕೋಟ್ ತಪ್ಪು ಎಂದು ಹೇಳುವುದಿಲ್ಲ.

ಕೊನೆಯ ಲಾಗಿನ್ ಬಗ್ಗೆ ಹೆಚ್ಚು ಎಚ್ಚರ ಬೇಕು. ಸೈನ್‌ಇನ್‌ಆಕ್ಟಿವಿಟಿ ಓದಲು ಟೆನೆಂಟಿನಲ್ಲಿ (ಮೈಕ್ರೋಸಾಫ್ಟ್ ಕ್ಲೌಡಿನಲ್ಲಿ ನಿಮ್ಮ ಕಂಪನಿಯ ಪಾಲಿನ ಜಾಗ) ಎಂಟ್ರಾ ಐಡಿ ಪಿ1 ಅಥವಾ ಪಿ2 ಲೈಸೆನ್ಸ್ ಇರಬೇಕು. ಬಿಸಿನೆಸ್ ಪ್ರೀಮಿಯಂ, ಮೈಕ್ರೋಸಾಫ್ಟ್ 365 ಇ3 ಇವುಗಳಲ್ಲಿ ಪಿ1 ಸೇರಿದೆ. ಬಿಸಿನೆಸ್ ಬೇಸಿಕ್, ಸ್ಟಾಂಡರ್ಡ್‌ಗಳಲ್ಲಿ ಇಲ್ಲ. ಅಂದರೆ ನಿಮಗೆ ಹೇಳಿದವರ ಮಾತಿನಲ್ಲಿ ಕಾಲುಭಾಗ ಸತ್ಯವಿದೆ, ತಪ್ಪು ಜಾಗಕ್ಕೆ ಅಂಟಿಸಿದ್ದಾರೆ ಅಷ್ಟೆ. ಲೈಸೆನ್ಸ್ ಇಲ್ಲದೆ ಕೇಳಿದರೆ ಪ್ರೀಮಿಯಂ ಟೆನೆಂಟ್ ಅಲ್ಲ ಎಂಬ ಸ್ಪಷ್ಟ ಎರರ್ ಬರುತ್ತದೆ. ನಿಮಗೆ ಎರರ್ ಬಾರದೆ ಇಡೀ ಕಾಲಂ ಖಾಲಿ ಬಂದಿದೆ ಎಂದರೆ ನೀವು ಅದನ್ನು ಕೇಳಿಯೇ ಇಲ್ಲ.

ಸೈನ್‌ಇನ್‌ಆಕ್ಟಿವಿಟಿಯೊಳಗೆ ಮೂರು ದಿನಾಂಕಗಳಿವೆ, ಮೂರಕ್ಕೂ ಅರ್ಥ ಬೇರೆ. ಲಾಸ್ಟ್‌ಸೈನ್‌ಇನ್ ಎಂಬುದು ವ್ಯಕ್ತಿ ಸ್ವತಃ ಪಾಸ್‌ವರ್ಡ್ ಅಥವಾ ಒಟಿಪಿ ಕೊಟ್ಟು ಒಳಬರಲು ನಡೆಸಿದ ಕೊನೆಯ ಪ್ರಯತ್ನ. ವಿಫಲವಾದದ್ದೂ ಇದರಲ್ಲಿ ಸೇರುತ್ತದೆ! ಕೆಲಸ ಬಿಟ್ಟು ಎರಡು ವರ್ಷವಾದವರ ಖಾತೆಗೆ ಹೊರಗಿನ ಯಾರೋ ಪಾಸ್‌ವರ್ಡ್ ಊಹಿಸುತ್ತ ಕೂತಿದ್ದರೆ ಅದು ‘ನಿನ್ನೆ’ ಎಂದು ತೋರಿಸಬಹುದು. ಎರಡನೆಯದು ಲಾಸ್ಟ್‌ನಾನ್‌ಇಂಟರಾಕ್ಟಿವ್: ಫೋನಿನ ಔಟ್‌ಲುಕ್ ಆ್ಯಪ್ ಮಾಲೀಕರನ್ನು ಕೇಳದೆ ಹಿಂಬದಿಯಲ್ಲಿ ಟೋಕನ್ (ಪ್ರವೇಶದ ಚೀಟಿ) ನವೀಕರಿಸಿಕೊಂಡದ್ದು ಇಲ್ಲಿ ದಾಖಲಾಗುತ್ತದೆ. ಶಾಪ್ ಫ್ಲೋರಿನ ಸೂಪರ್‌ವೈಸರ್ ಒಮ್ಮೆ ಫೋನಿನಲ್ಲಿ ಮೇಲ್ ಹಾಕಿಕೊಂಡರೆ ತಿಂಗಳುಗಟ್ಟಲೆ ಪಾಸ್‌ವರ್ಡ್ ಕೊಡುವ ಪ್ರಸಂಗವೇ ಬರುವುದಿಲ್ಲ; ದಿನಾ ಮೇಲ್ ಓದುತ್ತಿರುತ್ತಾರೆ, ಮೊದಲ ದಿನಾಂಕ ಮಾತ್ರ ಆರು ತಿಂಗಳ ಹಿಂದಿನದಿರುತ್ತದೆ. ಇವರನ್ನು ಅಳಿಸಿದರೆ ಬೆಳಿಗ್ಗೆಯೇ ಫೋನ್ ಬರುತ್ತದೆ. ಮೂರನೆಯದು ಲಾಸ್ಟ್‌ಸಕ್ಸೆಸ್‌ಫುಲ್‌ಸೈನ್‌ಇನ್. ಎರಡೂ ಬಗೆಯಲ್ಲಿ ಯಶಸ್ವಿಯಾದ ಕೊನೆಯ ಪ್ರವೇಶ ಇದು, 2023ರ ಡಿಸೆಂಬರ್ 1ರಿಂದ ಈಚೆಗೆ ಮಾತ್ರ ದಾಖಲೆ ಇದೆ. ಆಡಿಟರಿಗೆ ಮೂರೂ ಕಾಲಂ ಕೊಡಿ, ನಿಮ್ಮ ತೀರ್ಮಾನಕ್ಕೆ ಮೂರನೆಯದನ್ನು ಆಧಾರ ಮಾಡಿಕೊಳ್ಳಿ. ಎಲ್ಲವೂ ಯುಟಿಸಿ (ಅಂತರರಾಷ್ಟ್ರೀಯ ಮಾನಕ) ಸಮಯ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಿ. ಇಲ್ಲವಾದರೆ ಬೆಳಗಿನ ಪಾಳಿಯವರು ನಡುರಾತ್ರಿ ಲಾಗಿನ್ ಆದಂತೆ ಕಂಡು ಬೇಡದ ಅನುಮಾನ ಹುಟ್ಟುತ್ತದೆ.

ಸರಿಯಾಗಿ ಕೇಳಿದ ಮೇಲೂ ಕೆಲವರ ಮೊದಲ ದಿನಾಂಕ ಖಾಲಿಯೇ ಇರುತ್ತದೆ. ಅವರು ಒಮ್ಮೆಯೂ ಲಾಗಿನ್ ಆಗಿಲ್ಲ, ಇಲ್ಲವೇ 2020ರ ಏಪ್ರಿಲ್‌ಗೆ ಮೊದಲು ಕೊನೆಯದಾಗಿ ಆಗಿದ್ದರು ಎಂದು ಅರ್ಥ. ಮುಂದಿನ ಸೋಮವಾರ ಕೆಲಸಕ್ಕೆ ಸೇರಲಿರುವವರ ಖಾತೆ ಇವತ್ತೇ ತೆರೆದಿದ್ದರೆ ಅದೂ ಖಾಲಿ. ಹಾಗಾಗಿ ಖಾಲಿ ಇರುವವರನ್ನು ಬೇರೆ ಹಾಳೆಗೆ ತೆಗೆದು, ಖಾತೆ ತೆರೆದ ದಿನಾಂಕದ ಪಕ್ಕದಲ್ಲಿಟ್ಟು ನೋಡಿ. ಇನ್ನೊಂದು ಮಿತಿ: ಸೈನ್-ಇನ್ ದಿನಾಂಕದ ಫಿಲ್ಟರನ್ನು ಸರ್ವರಿನಲ್ಲಿ ಬೇರೆ ಫಿಲ್ಟರುಗಳ ಜೊತೆ ಸೇರಿಸಲು ಬಿಡುವುದಿಲ್ಲ. 655 ಖಾತೆಗೆ ಅದರ ಚಿಂತೆ ಬೇಡ, ಎಲ್ಲ ತರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಸೋಸಿ. ಮೊದಲು ಖಾಲಿಯವರನ್ನು ಬದಿಗಿಟ್ಟು, ಆಮೇಲೆ ದಿನಾಂಕ ಹೋಲಿಸಿ.

ಪಿ1 ಇಲ್ಲವೇ? ಆಗ ಮೈಕ್ರೋಸಾಫ್ಟ್ 365 ಬಳಕೆ ವರದಿ ಇದೆ. ಎಕ್ಸ್‌ಚೇಂಜ್, ಟೀಮ್ಸ್, ಒನ್‌ಡ್ರೈವ್ ಪ್ರತಿಯೊಂದರಲ್ಲೂ ಕೊನೆಯ ಚಟುವಟಿಕೆಯ ದಿನಾಂಕವನ್ನು 180 ದಿನಗಳ ಅವಧಿಗೆ ಕೊಡುತ್ತದೆ. ಮೊದಲ ಸಲ ತೆಗೆದಾಗ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಮಾಲೆ ಕಾಣಬಹುದು, ಗಾಬರಿಯಾಗಬೇಡಿ. ವರದಿಗಳಲ್ಲಿ ಹೆಸರು ಮರೆಮಾಚುವುದು ಡಿಫಾಲ್ಟ್. ಅಡ್ಮಿನ್ ಸೆಂಟರಿನ ಆರ್ಗ್ ಸೆಟಿಂಗ್ಸ್, ಅದರಲ್ಲಿ ರಿಪೋರ್ಟ್ಸ್ ಎಂಬಲ್ಲಿ ಅದನ್ನು ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಿ.

ಇನ್ನು 410 ಮತ್ತು 655ರ ತಾಳೆ. ಎಚ್‌ಆರ್ ಎಣಿಸುವುದು ಮನುಷ್ಯರನ್ನು, ಡೈರೆಕ್ಟರಿ ಎಣಿಸುವುದು ಖಾತೆಗಳನ್ನು. ಟೀಮ್ಸ್‌ಗೆ ಆಹ್ವಾನಿಸಿದ ಸಪ್ಲೈಯರುಗಳು ಅತಿಥಿಗಳಾಗಿ ಈ ಪಟ್ಟಿಯಲ್ಲೇ ಇರುತ್ತಾರೆ. ಯೂಸರ್‌ಟೈಪ್ ‘ಗೆಸ್ಟ್’ ಎಂದಿರುತ್ತದೆ, ಯೂಸರ್ ಪ್ರಿನ್ಸಿಪಲ್ ನೇಮ್‌ನಲ್ಲಿ ‘#ಇಎಕ್ಸ್‌ಟಿ#’ ಎಂಬ ಗುರುತು. ಅಕೌಂಟ್ಸ್ ವಿಭಾಗದ ಹಂಚಿಕೆಯ ಮೇಲ್‌ಬಾಕ್ಸಿಗೂ ಮೀಟಿಂಗ್ ರೂಮಿಗೂ ಒಂದೊಂದು ಬಳಕೆದಾರ ಖಾತೆ ಇರುತ್ತದೆ. ಇವು ನೌಕರರಲ್ಲ ಎಂದು ಗೆಟ್-ಎಂಜಿಯೂಸರ್ ಹೇಳುವುದಿಲ್ಲ, ಅದಕ್ಕೆ ಎಕ್ಸ್‌ಚೇಂಜ್ ಆನ್‌ಲೈನಿನ ಗೆಟ್-ಇಎಕ್ಸ್‌ಒಮೇಲ್‌ಬಾಕ್ಸ್ ಓಡಿಸಬೇಕು. ಶೇರ್ಡ್, ರೂಮ್, ಇಕ್ವಿಪ್‌ಮೆಂಟ್ ಬಗೆಗಳನ್ನು ತೆಗೆದು, ಅದರ ಎಕ್ಸ್‌ಟರ್ನಲ್‌ಡೈರೆಕ್ಟರಿಆಬ್ಜೆಕ್ಟ್‌ಐಡಿಯನ್ನು ನಿಮ್ಮ ಪಟ್ಟಿಯ ಐಡಿಗೆ ಹೊಂದಿಸಿ. ಸ್ಕ್ಯಾನರು, ಬಯೋಮೆಟ್ರಿಕ್ ಯಂತ್ರ ಮೇಲ್ ಕಳಿಸಲು ಮಾಡಿಕೊಂಡ ಖಾತೆಗಳೂ ಇದ್ದಾವು. ಇಷ್ಟನ್ನು ಕಳೆದ ಮೇಲೆ ಉಳಿಯುವ ಅಂತರವೇ ನಿಜವಾಗಿ ಪರಿಶೀಲಿಸಬೇಕಾದದ್ದು. ಕಳೆದ 30 ದಿನಗಳಲ್ಲಿ ಅಳಿಸಿದ ಖಾತೆಗಳು ಮಾತ್ರ ಈ ಪಟ್ಟಿಯಲ್ಲಿ ಬರುವುದಿಲ್ಲ, ಅವು ಡಿಲೀಟೆಡ್ ಯೂಸರ್ಸ್ ಎಂಬ ಬೇರೆ ಬುಟ್ಟಿಯಲ್ಲಿರುತ್ತವೆ.

ಎಚ್‌ಆರ್ ಪಟ್ಟಿಗೆ ಹೆಸರಿನಿಂದ ಹೋಲಿಸಲು ಹೋಗಬೇಡಿ. 410 ಜನರ ಕಾರ್ಖಾನೆಯಲ್ಲಿ ಮಂಜುನಾಥರೇ ಏಳೆಂಟು ಮಂದಿ ಇರುತ್ತಾರೆ, ಇಂಗ್ಲಿಷಿನಲ್ಲಿ ಒಬ್ಬೊಬ್ಬರ ಸ್ಪೆಲ್ಲಿಂಗ್ ಒಂದೊಂದು. ನೌಕರ ಸಂಖ್ಯೆಯಿಂದ ಹೋಲಿಸಿ. ಡೈರೆಕ್ಟರಿಯಲ್ಲಿ ಆ ಕಾಲಂ ತುಂಬಿಲ್ಲದಿದ್ದರೆ ಈ ಸಲ ಇಮೇಲಿನಿಂದ ಹೊಂದಿಸಿ, ಹಾಗೆಯೇ ನೌಕರ ಸಂಖ್ಯೆಯನ್ನೂ ತುಂಬಿಸಿಬಿಡಿ. ಮುಂದಿನ ವರ್ಷದ ಆಡಿಟ್ ಅರ್ಧ ದಿನದ ಕೆಲಸವಾಗುತ್ತದೆ.

ಗ್ಲೋಬಲ್ ಅಡ್ಮಿನ್ ಕೊಡುವ ಸಲಹೆಯನ್ನು ಕಿವಿಗೇ ಹಾಕಿಕೊಳ್ಳಬೇಡಿ. ಕೇಳದ ಕಾಲಂ ಗ್ಲೋಬಲ್ ಅಡ್ಮಿನ್‌ಗೂ ಖಾಲಿಯೇ ಬರುತ್ತದೆ. ಬಳಕೆದಾರರ ಪಟ್ಟಿ ಓದಲು ಮೇಲೆ ಹೇಳಿದ ಎರಡು ಅನುಮತಿ ಸಾಕು. ನೀವೇ ಲಾಗಿನ್ ಆಗಿ ಓಡಿಸುವಾಗ ನಿಮ್ಮ ಖಾತೆಗೆ ರಿಪೋರ್ಟ್ಸ್ ರೀಡರ್ ರೋಲ್ ಇದ್ದರಾಯಿತು. ಸ್ಕ್ರಿಪ್ಟ್ ತಿಂಗಳಿಗೊಮ್ಮೆ ತಾನಾಗಿ ಓಡಬೇಕೆಂದರೆ ಆ್ಯಪ್ ರಿಜಿಸ್ಟ್ರೇಶನ್ (ಸ್ಕ್ರಿಪ್ಟಿಗೇ ಒಂದು ಗುರುತು) ಮಾಡಿ ಸರ್ಟಿಫಿಕೇಟ್ ಬಳಸಿ. ಕ್ಲೈಂಟ್ ಸೀಕ್ರೆಟನ್ನು (ಆ ಗುರುತಿನ ಪಾಸ್‌ವರ್ಡ್) ಸ್ಕ್ರಿಪ್ಟಿನೊಳಗೆ ಬರೆದಿಟ್ಟರೆ ಫೈಲ್ ಸಿಕ್ಕವರಿಗೆಲ್ಲ ಕೀಲಿಕೈ ಸಿಕ್ಕಂತೆ. ಒಮ್ಮೆ ಗೆಟ್-ಎಂಜಿಕಾಂಟೆಕ್ಸ್ಟ್ ಓಡಿಸಿ ಸ್ಕೋಪ್‌ಗಳ ಸಾಲನ್ನೂ ನೋಡಿ. ಹಿಂದೆ ಎಂದೋ ಎಲ್ಲಿಂದಲೋ ನಕಲಿಸಿದ ಸ್ಕ್ರಿಪ್ಟಿಗೆ ಡೈರೆಕ್ಟರಿ.ರೀಡ್‌ರೈಟ್.ಆಲ್ (ಬದಲಾಯಿಸುವ ಅನುಮತಿ) ಒಪ್ಪಿಗೆ ಕೊಟ್ಟಿದ್ದರೆ ಅದು ಇನ್ನೂ ಅಲ್ಲೇ ಕೂತಿರುತ್ತದೆ, ಈ ಸಲ ನೀವು ಕೇಳದಿದ್ದರೂ.

ಅಳಿಸುವ ಪ್ರಶ್ನೆಗೆ ಬರೋಣ. ‘90 ದಿನ ಲಾಗಿನ್ ಇಲ್ಲ’ ಎಂಬುದು ವಿಚಾರಿಸಲು ಕಾರಣ, ಅಳಿಸಲು ಅಲ್ಲ. ಹೆರಿಗೆ ರಜೆಯೇ 26 ವಾರ ಇರುತ್ತದೆ. ತುರ್ತು ಸಂದರ್ಭಕ್ಕೆಂದು ಇಟ್ಟ ಅಡ್ಮಿನ್ ಖಾತೆಗಳು ಲಾಗಿನ್ ಆಗದಿರುವುದೇ ಅವುಗಳ ಲಕ್ಷಣ. ಅವನ್ನು ಅಳಿಸಿದ ಮೇಲೆ ಎಂಎಫ್‌ಎ (ಲಾಗಿನ್‌ಗೆ ಎರಡನೆಯ ಪುರಾವೆ ಕೇಳುವ ವ್ಯವಸ್ಥೆ) ಕೆಟ್ಟ ದಿನ ನಿಮ್ಮ ಟೆನೆಂಟಿಗೆ ನೀವೇ ಹೊರಗಿನವರು. ಎಚ್‌ಆರ್ ‘ಬಿಟ್ಟುಹೋಗಿದ್ದಾರೆ’ ಎಂದು ಲಿಖಿತವಾಗಿ ಹೇಳಿದವರ ಖಾತೆಗಳನ್ನು ಮೊದಲು ಡಿಸೇಬಲ್ ಮಾಡಿ, ರಿವೋಕ್-ಎಂಜಿಯೂಸರ್‌ಸೈನ್‌ಇನ್‌ಸೆಷನ್ ಓಡಿಸಿ. ಆಗಲೇ ಕೊಟ್ಟ ಟೋಕನ್ ಸುಮಾರು ಒಂದು ಗಂಟೆ ಬದುಕಿರಬಹುದು, ಅದು ಸಹಜ. ಎರಡು ವಾರ ಯಾರೂ ಕೂಗೆಬ್ಬಿಸದಿದ್ದರೆ ಲೈಸೆನ್ಸಿನ ಮಾತು.

ದುಡ್ಡು ಉಳಿಸುವ ಆತುರದಲ್ಲಿ ಡೇಟಾ ಕಳೆದುಕೊಳ್ಳುವುದು ಇದೇ ಹಂತದಲ್ಲಿ. ಮೇಲ್‌ಬಾಕ್ಸಿನ ಲೈಸೆನ್ಸ್ ಕಿತ್ತು ಸುಮ್ಮನಿದ್ದರೆ 30 ದಿನಗಳ ನಂತರ ಮೇಲ್ ಹೋಗುತ್ತದೆ. ಹಳೆಯ ಪತ್ರವ್ಯವಹಾರ ಬೇಕಿದ್ದರೆ ಲೈಸೆನ್ಸ್ ಇರುವಾಗಲೇ ಅದನ್ನು ಶೇರ್ಡ್ ಮೇಲ್‌ಬಾಕ್ಸ್ ಆಗಿ ಬದಲಿಸಿ, ಆಮೇಲೆ ಲೈಸೆನ್ಸ್ ತೆಗೆಯಿರಿ. 50 ಜಿಬಿವರೆಗೆ ಶೇರ್ಡ್ ಮೇಲ್‌ಬಾಕ್ಸಿಗೆ ಲೈಸೆನ್ಸ್ ಬೇಕಿಲ್ಲ. ಅದರ ಹಿಂದಿನ ಬಳಕೆದಾರ ಖಾತೆಯನ್ನು ಮಾತ್ರ ಅಳಿಸಬಾರದು, ಮೇಲ್‌ಬಾಕ್ಸ್ ನಿಂತಿರುವುದೇ ಅದರ ಮೇಲೆ. ನಿಜವಾಗಿ ಅಳಿಸಿದ್ದನ್ನು 30 ದಿನದೊಳಗೆ ವಾಪಸ್ ತರಬಹುದು, ಆಮೇಲೆ ಸಾಧ್ಯವಿಲ್ಲ.

ಆನ್‌ಪ್ರಿಮಿಸಸ್‌ಸಿಂಕ್‌ಎನೇಬಲ್ಡ್ ‘ಟ್ರೂ’ ಇರುವ ಖಾತೆಗಳ ಮೂಲ ನಿಮ್ಮ ಕಚೇರಿಯ ಆಕ್ಟಿವ್ ಡೈರೆಕ್ಟರಿಯಲ್ಲಿದೆ. ಅವನ್ನು ಅಲ್ಲೇ ಡಿಸೇಬಲ್ ಮಾಡಿ; ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ನಡೆಯುವ ಸಿಂಕ್ ಕ್ಲೌಡಿಗೆ ತಲುಪಿಸುತ್ತದೆ. ಈ ಕಾಲಂ ಖಾಲಿ ಇದ್ದರೆ ಖಾತೆ ಎಂದೂ ಸಿಂಕ್ ಆಗಿಲ್ಲ, ಕ್ಲೌಡಿನಲ್ಲೇ ಹುಟ್ಟಿದ್ದು ಎಂದರ್ಥ. ‘ಫಾಲ್ಸ್’ ಎಂದಿದ್ದರೆ ಹಿಂದೆ ಸಿಂಕ್ ಆಗುತ್ತಿತ್ತು, ಈಗಿಲ್ಲ. ಖಾಲಿಗೂ ಫಾಲ್ಸ್‌ಗೂ ಇಲ್ಲಿ ಇತಿಹಾಸವೇ ಬೇರೆ.

ಆಡಿಟರಿಗೆ ಕೊಡುವ ಮುನ್ನ ಗೆಟ್-ಎಂಜಿಯೂಸರ್‌ಕೌಂಟ್ ಓಡಿಸಿ, ಕನ್ಸಿಸ್ಟೆನ್ಸಿಲೆವೆಲ್ ಇವೆಂಚುಯಲ್ ಸಹಿತ. ಆ ಸಂಖ್ಯೆಯೂ ಸಿಎಸ್‌ವಿಯ (ಎಕ್ಸ್‌ಪೋರ್ಟ್ ಮಾಡಿದ ಪಟ್ಟಿಯ ಫೈಲ್) ಸಾಲುಗಳ ಸಂಖ್ಯೆಯೂ ಒಂದೇ ಇರಬೇಕು. ಓಡಿಸಿದ ಕಮಾಂಡು, ದಿನಾಂಕ, ಸಮಯವನ್ನು ಜೊತೆಗಿಡಿ. ಲೈಸೆನ್ಸ್ ಕಾಲಂ ನೇರವಾಗಿ ಎಕ್ಸ್‌ಪೋರ್ಟ್ ಮಾಡಿದರೆ ಪ್ರತಿ ಸಾಲಿನಲ್ಲೂ ಒಂದು ಉದ್ದನೆಯ ಟೈಪ್ ಹೆಸರು ಬರುತ್ತದೆಯೇ ವಿನಾ ಲೈಸೆನ್ಸ್ ಬರುವುದಿಲ್ಲ. ಅದರೊಳಗಿನ ಎಸ್‌ಕೆಯುಐಡಿಗಳನ್ನು (ಲೈಸೆನ್ಸ್ ಬಗೆಯ ಗುರುತು) ಅರ್ಧವಿರಾಮದಿಂದ ಜೋಡಿಸಿ ಒಂದು ಪದವಾಗಿಸಿಕೊಳ್ಳಬೇಕು. ಯಾವ ಐಡಿ ಯಾವ ಲೈಸೆನ್ಸ್ ಎಂಬುದು ಗೆಟ್-ಎಂಜಿಸಬ್‌ಸ್ಕ್ರೈಬ್ಡ್‌ಎಸ್‌ಕೆಯು ಕೊಡುವ ಪಟ್ಟಿಯಲ್ಲಿ ಸಿಗುತ್ತದೆ. ಈ ಕಮಾಂಡ್ ಬೇರೆ ಉಪಮಾಡ್ಯೂಲಿನದು, ಮೈಕ್ರೋಸಾಫ್ಟ್.ಗ್ರಾಫ್.ಐಡೆಂಟಿಟಿ.ಡೈರೆಕ್ಟರಿಮ್ಯಾನೇಜ್‌ಮೆಂಟ್ ಕೂಡ ಹಾಕಿಕೊಳ್ಳಿ.

ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಯಾದದ್ದು ನೋಡಿದರೆ ನೀವು ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1 ಬಳಸುತ್ತಿದ್ದೀರಿ. ಅದರ ಎಕ್ಸ್‌ಪೋರ್ಟ್-ಸಿಎಸ್‌ವಿ ಏನೂ ಹೇಳದಿದ್ದರೆ ಆಸ್ಕಿ ಎಂಬ, ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಹಳೆಯ ಸಂಕೇತದಲ್ಲಿ ಬರೆಯುತ್ತದೆ. ಆಸ್ಕಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ‘-ಎನ್‌ಕೋಡಿಂಗ್ ಯುಟಿಎಫ್8’ ಸೇರಿಸಿ. ಪವರ್‌ಶೆಲ್ 7ಕ್ಕೆ ಹೋದರೆ ಅದು ಯುಟಿಎಫ್8ನಲ್ಲೇ ಬರೆಯುತ್ತದೆ, ಆದರೆ ಬಿಒಎಂ (ಫೈಲಿನ ಆರಂಭದಲ್ಲಿ ಇಡುವ ಎನ್‌ಕೋಡಿಂಗ್ ಗುರುತು) ಇಲ್ಲದೆ. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಆಗ ಪ್ರಶ್ನಾರ್ಥಕದ ಬದಲು ಚಿತ್ರವಿಚಿತ್ರ ಅಕ್ಷರಗಳು ಕಾಣುತ್ತವೆ. ಅಲ್ಲಿ ‘ಯುಟಿಎಫ್8ಬಿಒಎಂ’ ಎಂದು ಕೊಡಿ. ಈಗಾಗಲೇ ಪ್ರಶ್ನಾರ್ಥಕವಾಗಿ ಉಳಿಸಿದ ಫೈಲಿನಿಂದ ಹೆಸರುಗಳನ್ನು ಹಿಂದೆ ತರಲು ಆಗದು, ಪಟ್ಟಿಯನ್ನೇ ಮತ್ತೆ ತೆಗೆಯಬೇಕು. ಡೈರೆಕ್ಟರಿಯಲ್ಲಿರುವ ಹೆಸರುಗಳಿಗೆ ಏನೂ ಆಗಿಲ್ಲ.